ಬಾವಿಗಿಳಿಯೋ ಕಾರಾ, ಸೋಫಾ ಕಾರಾ?

ಕಾಫಿಗೆ ಇಂಥ ರೇಟು ಬರುತ್ತದೆ ಅಂತ ನಮ್ಮ ಕಡೆ ಯಾರೂ ಅಂದುಕೊಂಡಿರಲಿಲ್ಲ. 50 ಕೆ.ಜಿ. ರೊಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲಕ್ಕೆ 3,500 ರೂಪಾಯಿ ಸಿಕ್ಕಿದರೆ ಪುಣ್ಯ ಅನ್ನುತ್ತಿದ್ದವರೇ 2024ರಲ್ಲಿ ಅದು 10,000 ದಾಟಿದ್ದನ್ನು ನೋಡಿದೆವು. ಸಾಲ ತೀರಿತು. ಕಣಕ್ಕೆ ಹೊಸ ಸಿಮೆಂಟ್ ಬಿತ್ತು, ಮನೆಗೆ ಹೊಸ ಹಂಚು ಬಂತು. ಉಳಿದ ದುಡ್ಡು ನೋಡಿ ನನ್ನ ತಲೆಗೆ ಹುಳ ಹೊಕ್ಕಿತು. ಒಂದು ಕಾರು ತಗೋಬೇಕು. ಬೇಕಾಗಿತ್ತು ಅಂತಲ್ಲ, ಆಸೆ ಅಷ್ಟೇ.

ನನ್ನ ಓಡಾಟ ಬೆಂಗಳೂರು ಮತ್ತು ಕೊಡಗಿನ ಮೂರ್ನಾಡಿನ ನಡುವೆ. ಒಂದು ಕಡೆಗೆ ಹೆಚ್ಚುಕಡಿಮೆ 280 ಕಿ.ಮೀ., ತಿಂಗಳಿಗೆ ಎರಡು ಸಲ, ಕಾಫಿ ಕುಯ್ಲಿನ ಸಮಯದಲ್ಲಿ ಇನ್ನೂ ಜಾಸ್ತಿ. ಹುಡುಕಿ ಹುಡುಕಿ ಕೊನೆಗೆ ಎರಡು ಕಾರು ಉಳಿದವು. ಎರಡೂ ಬಿಎಂಡಬ್ಲ್ಯು, ಎರಡೂ ಸೆಕೆಂಡ್ ಹ್ಯಾಂಡ್. ಒಂದು 640ಡಿ ಗ್ರಾನ್ ಕೂಪೆ. ಇನ್ನೊಂದು ಝಡ್4 ಎಸ್‌ಡ್ರೈವ್ 35ಐ. ಎರಡರಲ್ಲೂ 3 ಲೀಟರಿನ ಆರು ಸಿಲಿಂಡರ್ ಎಂಜಿನ್, ಎರಡೆರಡು ಟರ್ಬೊ, ಎರಡಕ್ಕೂ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ಡೀಸೆಲ್‌ನ 640ಡಿ 313 ಎಚ್‌ಪಿ, ಪೆಟ್ರೋಲ್‌ನ ಝಡ್4 306 ಎಚ್‌ಪಿ. ಲೆಕ್ಕದಲ್ಲಿ ಅಣ್ಣತಮ್ಮಂದಿರು, ಸ್ವಭಾವದಲ್ಲಿ ಸಂಬಂಧವೇ ಇಲ್ಲ. ಒಂದು 5 ಮೀಟರ್ ಉದ್ದದ, ನಾಲ್ಕು ಜನ ಕಾಲು ಚಾಚಿ ಕೂರುವ ಕಾರು, ಇನ್ನೊಂದು 4.24 ಮೀಟರಿನ, ಇಬ್ಬರೇ ಕೂರುವ, ತಗಡಿನ ಟಾಪ್ ಮಡಚಿ ಡಿಕ್ಕಿಯೊಳಗೆ ಇಟ್ಟುಕೊಳ್ಳುವ ಕಾರು.

ಮೊದಲನೆಯದನ್ನು ಗ್ರ್ಯಾಂಡ್ ಟೂರರ್ ಅನ್ನುತ್ತಾರೆ. ಹೆಸರು ಇಟಲಿಯವರದು, ಗ್ರಾನ್ ಟೂರಿಸ್ಮೊ, ಚಿಕ್ಕದಾಗಿ ಜಿಟಿ. 1951ರ ಲಾನ್ಸಿಯಾ ಔರೇಲಿಯಾ ಬಿ20 ಜಿಟಿಯಿಂದ ಆ ಎರಡಕ್ಷರ ಕಾರಿನ ಬೆನ್ನಿಗೆ ಅಂಟಿಕೊಂಡಿತು. ದೂರದೂರಿಗೆ, ಬೇಗ, ಸುಸ್ತಾಗದೆ ಹೋಗಿ ಸೇರುವುದಕ್ಕೆ ಮಾಡಿದ ಕಾರು ಅಂತ ಅರ್ಥ. ಜಿಟಿಗೆ ಎರಡೇ ಬಾಗಿಲಿರಬೇಕು, ನಾಲ್ಕಿದ್ದರೆ ಅದು ಜಿಟಿಯೇ ಅಲ್ಲ ಅನ್ನುವವರಿದ್ದಾರೆ. ಇರಲಿ, ನಮ್ಮಪ್ಪನಿಗೆ ಬಾಗಿಲು ಬೇಕು.

ಕೆಂಪು ಬಣ್ಣದ ಝಡ್4 ಸುಂಟಿಕೊಪ್ಪದ ಹತ್ತಿರ ಪರಿಚಯದವರೊಬ್ಬರ ಶೆಡ್ಡಿನಲ್ಲಿತ್ತು. "ಒಂದಿನ ಇಟ್ಕೊಳ್ಳಿ, ಆಮೇಲೆ ಹೇಳಿ" ಅಂತ ಕೀ ಕೊಟ್ಟರು. ಮಾರ್ಚ್ ತಿಂಗಳು. ಕಾಫಿ ಹೂ ಅರಳಿಸುವ ಹೂಮಳೆ ಸರಿಯಾದ ಹೊತ್ತಿಗೆ ಬಿದ್ದು ವಾರ ಕಳೆದಿತ್ತು, ತೋಟವೆಲ್ಲ ಬೆಳ್ಳಗೆ. ಬಟನ್ ಒತ್ತಿದರೆ 20 ಸೆಕೆಂಡಿನಲ್ಲಿ ಟಾಪ್ ಹಿಂದಕ್ಕೆ ಹೋಯಿತು. ಕೆದಕಲ್ ದಾಟಿ ಬೋಯಿಕೇರಿ ಕಡೆ ಹತ್ತುವಾಗ ಆ ಹೂವಿನ ವಾಸನೆ ಇದೆಯಲ್ಲ, ಮಲ್ಲಿಗೆಯ ಹಾಗೆ, ಆದರೆ ಮಲ್ಲಿಗೆಗಿಂತ ಸ್ವಲ್ಪ ಹಸಿ, ಅದು ತಿರುವು ತಿರುವಿಗೂ ಕಾರಿನೊಳಗೆ ಬಂದು ತುಂಬಿಕೊಳ್ಳುತ್ತಿತ್ತು. ನಲವತ್ತು ವರ್ಷದಿಂದ ಅದೇ ರಸ್ತೆಯಲ್ಲಿ ಓಡಾಡಿದ್ದೇನೆ. ಗಾಜು ಏರಿಸಿ, ಎಸಿ ಹಾಕಿಕೊಂಡು.

ಈ ಕಾರಿನಲ್ಲಿ ಕೂರುವ ಜಾಗವೇ ವಿಚಿತ್ರ. ಮುಂದೆ ಉದ್ದ ಬಾನೆಟ್, ನಾವು ಹೆಚ್ಚುಕಡಿಮೆ ಹಿಂದಿನ ಚಕ್ರದ ಮೇಲೆ. ತಿರುವಿನಲ್ಲಿ ಮೂತಿ ಮೊದಲು ಹೋಗುತ್ತದೆ, ನಮ್ಮ ಸೊಂಟ ಆಮೇಲೆ ಸುತ್ತಿಕೊಂಡು ಬರುತ್ತದೆ, ದೋಣಿಯ ಹಿಂತುದಿಯಲ್ಲಿ ಕೂತ ಹಾಗೆ. ಸ್ಟೇರಿಂಗ್ ಒಂದಿಷ್ಟು ಅಲ್ಲಾಡಿಸಿದರೂ ಕಾರು ಕೇಳಿಸಿಕೊಳ್ಳುತ್ತದೆ. ಮುಖ್ಯ ವಿಷಯ ಏನೆಂದರೆ ಇಷ್ಟು ಮಜಾ ಬಂದದ್ದು ಗಂಟೆಗೆ 40-50ರಲ್ಲಿ. ನಮ್ಮ ರಸ್ತೆಯಲ್ಲಿ ಅದಕ್ಕಿಂತ ಜೋರಾಗಿ ಹೋಗುವುದಕ್ಕೆ ಆಗುವುದೂ ಇಲ್ಲ, ಹೋಗಲೂಬಾರದು. ಸ್ಪೋರ್ಟ್ಸ್ ಕಾರ್ ಅಂದರೆ ವೇಗ ಅಂದುಕೊಂಡಿದ್ದೆ, ನಿಧಾನದಲ್ಲೂ ಖುಷಿ ಕೊಡುವುದು ಅದೇ ಅಂತ ಅವತ್ತು ಗೊತ್ತಾಯಿತು. ಒಂದೇ ತೊಂದರೆ, ಎದುರಿನ ತಿರುವು ಕಾಣಬೇಕಾದರೆ ಮೊದಲು ಬಾನೆಟ್ಟನ್ನು ಆಚೆ ದೂಡಬೇಕು. ಹಾರ್ನ್ ಮೇಲೆ ಕೈ ಇಟ್ಟೇ ಓಡಿಸಿದೆ.

640ಡಿ ಮೈಸೂರಿನಲ್ಲಿತ್ತು. ಬ್ರೋಕರ್ ಹುಡುಗ ಪಕ್ಕದಲ್ಲಿ ಕೂತ. ಮೊದಲು ಬೆಂಗಳೂರು ಕಡೆಗೆ ಹೊರಟೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ 118 ಕಿ.ಮೀ. ಎಕ್ಸ್‌ಪ್ರೆಸ್‌ವೇ ಇಂಥ ಕಾರಿಗೇ ಮಾಡಿಸಿದ ಹಾಗಿದೆ, ಆದರೆ ಕ್ಯಾಮೆರಾ ಇದೆ, 100ರ ಮೇಲೆ ಹೋಗುವಂತಿಲ್ಲ. 100ರಲ್ಲಿ ಈ ಎಂಜಿನ್ ನಿದ್ದೆಯಲ್ಲಿರುತ್ತದೆ. ಒಳಗೆ ಕೂತವರೂ ನಿದ್ದೆಗೆ ಜಾರುತ್ತಾರೆ, ಬ್ರೋಕರ್ ಹುಡುಗ ಮಂಡ್ಯ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ತಿರುಗಿಸಿಕೊಂಡು ಹುಣಸೂರು, ಕುಶಾಲನಗರ. ಮುಂದೆ ಮರದ ಲಾರಿ ಸಿಕ್ಕರೆ ಕಾಲು ಸುಮ್ನೆ ಇಟ್ಟರೆ ಸಾಕು, 630 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ) ತನ್ನ ಪಾಡಿಗೆ ಕೆಲಸ ಮಾಡಿ ಮುಗಿಸುತ್ತದೆ.

ಮಡಿಕೇರಿ ದಾಟಿ ಮೂರ್ನಾಡು ರಸ್ತೆಗೆ ಇಳಿದಾಗ ಗೊತ್ತಾಯಿತು ಕಷ್ಟ. ಕನ್ನಡಿ ಬಿಟ್ಟು 1.89 ಮೀಟರ್ ಅಗಲ. ಎದುರಿನಿಂದ ಬಸ್ಸು ಬಂತು. ಬಸ್ಸಿನವರು ಕಾರು ನೋಡಿ ಸ್ವಲ್ಪ ಮರ್ಯಾದೆ ಕೊಟ್ಟರು, ಆದರೂ ನನ್ನ ಎಡಗಡೆಯ ಎರಡು ಚಕ್ರ ಚರಂಡಿ ಅಂಚಿನಲ್ಲಿ. ಝಡ್4 ಇದಕ್ಕಿಂತ 10 ಸೆಂ.ಮೀ. ಸಪೂರ. ಹತ್ತು ಸೆಂಟಿಮೀಟರ್ ಯಾವ ದೊಡ್ಡ ವಿಷಯ ಅಂತ ಕೇಳುವವರು ಒಮ್ಮೆ ಈ ರಸ್ತೆಯಲ್ಲಿ ಬಸ್ಸಿಗೆ ಜಾಗ ಬಿಟ್ಟು ನೋಡಲಿ.

ಗುಂಡಿಗೆ ಬಿದ್ದಾಗ ಇನ್ನೊಂದು ಆಶ್ಚರ್ಯ. ಸೋಫಾ ಅಂದುಕೊಂಡಿದ್ದ ಕಾರು ಧಡ್ ಅಂತ ಕುಟ್ಟಿತು. ಇಳಿದು ಟೈರ್ ನೋಡಿದೆ. ಈ ಕಾರಿಗೆ 19 ಇಂಚಿನ ವೀಲ್, ಹಿಂದಿನ ಟೈರ್ 275/35. ಅಂದರೆ 275 ಮಿ.ಮೀ. ಅಗಲ, ಅದರ ನೂರಕ್ಕೆ 35ರಷ್ಟು ಎತ್ತರ. ಲೆಕ್ಕ ಹಾಕಿದರೆ ವೀಲ್‌ಗೂ ರಸ್ತೆಗೂ ನಡುವೆ ಇರುವ ರಬ್ಬರ್ 96 ಮಿ.ಮೀ. ಝಡ್4ನದ್ದು 255/35, 18 ಇಂಚು. ಅಲ್ಲಿ 89. ಎರಡು ಕಾರಿನ ನಡುವೆ ವ್ಯತ್ಯಾಸ ಬರೀ 7 ಮಿ.ಮೀ.! ಎರಡರಲ್ಲೂ ಇದ್ದದ್ದು ರನ್‌ಫ್ಲಾಟ್ ಟೈರ್. ಗಾಳಿ ಹೋದರೂ 80ರ ವೇಗದಲ್ಲಿ 80 ಕಿ.ಮೀ. ಓಡಬೇಕು ಅಂತ ಪಕ್ಕದ ಗೋಡೆಯನ್ನು ಗಟ್ಟಿ ಮಾಡಿರುತ್ತಾರೆ, ಆ ಗಟ್ಟಿತನವೇ ನಮ್ಮ ಬೆನ್ನಿಗೆ ಬಂದು ಬಡಿಯುವುದು. ಸ್ಟೆಪ್ನಿ ಇಲ್ಲ. ಗುಂಡಿಯ ಅಂಚಿಗೆ ಗೋಡೆ ಸೀಳಿತೋ, ಮುಗೀತು. ಮಡಿಕೇರಿಯ ಟೈರ್ ಅಂಗಡಿಯಲ್ಲಿ ಕೇಳಿದೆ, "ಬೆಂಗಳೂರಿಂದ ತರಿಸ್ಬೇಕು ಸಾರ್, ಎರಡು ದಿನ" ಅಂದರು. ಅವರೇ ಹೇಳಿದ್ದು, ಇದೇ 640ಡಿಗೆ 18 ಇಂಚಿನ 245/45 ಕೂಡ ಕಂಪನಿಯದ್ದೇ ಸೈಜು ಅಂತ. ಅದು 110 ಮಿ.ಮೀ. ನೋಡುವುದಕ್ಕೆ ಸ್ವಲ್ಪ ಪೆದ್ದಾಗಿ ಕಾಣುತ್ತದೆ, ಅಷ್ಟೇ.

ಇಷ್ಟಾದರೂ ಮನಸ್ಸು ಝಡ್4 ಕಡೆಗೇ ಇತ್ತು, ಸುಳ್ಳು ಹೇಳುವುದಿಲ್ಲ.

ಝಡ್4 ಓಡಿಸಿದ ದಿನವೇ ಅದನ್ನು ತಂದು ನಮ್ಮ ತೋಟದ ಗೇಟಿನ ಹತ್ತಿರ, ರಸ್ತೆ ಬದಿಯಲ್ಲಿ ನಿಲ್ಲಿಸಿದ್ದೆ. ಗೇಟಿನ ಹಂಪ್ ಹತ್ತಿಸುವುದಕ್ಕೆ ನೋಡಿದೆ, ಮೂತಿ ಕೆಳಗೆ ಗರಗರ ಅಂತು, ಬಿಟ್ಟೆ. ಅಪ್ಪ ಜೀಪಿನಲ್ಲಿ ಕೆಳಗೆ ಬಂದರು. 76 ವರ್ಷ, ಎರಡೂ ಮಂಡಿ ನೋವು. ಕಾರನ್ನು ಒಂದು ಸುತ್ತು ಹಾಕಿದರು. ಬಾಗಿಲು ತೆಗೆದು ಕೈಯನ್ನು ನನ್ನ ಹೆಗಲ ಮೇಲಿಟ್ಟು, ಮೊದಲು ಬಗ್ಗಿ, ಆಮೇಲೆ ಒಂದು ಕಾಲು ಒಳಗಿಟ್ಟು, ಆಮೇಲೆ ಇಡೀ ಮೈಯನ್ನು ಕೈಬಿಟ್ಟರು. ಒಳಗಿನಿಂದ ಮೇಲಕ್ಕೆ ನನ್ನ ಮುಖ ನೋಡಿ, "ಇದು ಕಾರು ಹತ್ತೋದಲ್ಲ ಮಾರಾಯ, ಬಾವಿಗಿಳಿಯೋದು" ಅಂದರು. ಒಂದು ರೌಂಡ್ ಹೋಗಿ ಬಂದೆವು. ನಕ್ಕರು, ಖುಷಿಪಟ್ಟರು, ಟೋಪಿ ಹಾರದ ಹಾಗೆ ಹಿಡಿದುಕೊಂಡೇ ಕೂತಿದ್ದರು. ಆದರೆ ಇಳಿಸುವುದಕ್ಕೆ ನಾನೂ ಜೀಪ್ ಓಡಿಸುವ ತಮ್ಮಯ್ಯನೂ ಇಬ್ಬರೂ ಬೇಕಾಯಿತು. ತಿಂಗಳಿಗೊಮ್ಮೆ ಅವರನ್ನು ಬೆಂಗಳೂರಿಗೆ ಮಂಡಿ ತೋರಿಸುವುದಕ್ಕೆ ಕರೆದುಕೊಂಡು ಹೋಗಬೇಕಾದವನು ನಾನು.

ಮತ್ತೆ ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಟಾಪ್ ತೆಗೆಯುವ ಮಾತೇ ಇಲ್ಲ. ಕಾಫಿ ಹೂವು ಘಮಘಮ ಅನ್ನುವುದು ವರ್ಷಕ್ಕೆ ಮೂರ್ನಾಲ್ಕು ದಿನ. ರಾತ್ರಿ ಕುಶಾಲನಗರ ದಾಟಿದರೆ ಆನೆಕಾಡು, ಆ ಹೆಸರನ್ನು ಯಾರೂ ಸುಮ್ನೆ ಇಟ್ಟಿದ್ದಲ್ಲ, ಅಲ್ಲಿ ಟಾಪ್ ತೆಗೆದು ನೆಲಕ್ಕಂಟಿಕೊಂಡು ಹೋಗುವ ಧೈರ್ಯ ನನಗಿಲ್ಲ. ಇನ್ನು ಡಿಕ್ಕಿ. ಟಾಪ್ ಮಡಚಿದರೆ ಝಡ್4ನಲ್ಲಿ ಉಳಿಯುವುದು 180 ಲೀಟರ್ ಜಾಗ. ಅಮ್ಮ ಬೆಂಗಳೂರಿಗೆ ಕೊಟ್ಟು ಕಳಿಸುವುದು ಎರಡು ಬಾಳೆಗೊನೆ, ಒಂದು ಹಲಸು, ಕಾಳುಮೆಣಸು, ಕಾಫಿ ಪುಡಿ, ಮತ್ತೆ ಹೊರಡುವ ಹೊತ್ತಿಗೆ ನೆನಪಾಗುವ ಇನ್ನೊಂದು ಚೀಲ. 640ಡಿಗೆ 460 ಲೀಟರ್, ಹಲಸು ಆರಾಮವಾಗಿ ಮಲಗುತ್ತದೆ.

ಇಷ್ಟೆಲ್ಲ ಯೋಚಿಸುತ್ತಿರುವಾಗ ಹೆಂಡತಿ ಒಂದು ಮಾತು ಕೇಳಿದಳು. "ಯಾವ ಕಾರು ತಗೊಂಡ್ರೂ ಮನೆ ತನಕ ಬರುತ್ತಾ?" ಬರುವುದಿಲ್ಲ. ಗೇಟಿನಿಂದ ಮನೆಗೆ ಒಂದೂವರೆ ಕಿ.ಮೀ. ತೋಟದ ದಾರಿ, ಮಳೆಗಾಲದಲ್ಲಿ ಜೀಪಿಗೇ ಫೋರ್‌ವೀಲ್ ಹಾಕಬೇಕು. ನಾನು ತಿಂಗಳುಗಟ್ಟಲೆ ಘಾಟಿಯ ತಿರುವು, ಊರಿನ ಗುಂಡಿ, ಬಸ್ಸಿನ ಅಗಲ ಅಂತ ತಲೆ ಕೆಡಿಸಿಕೊಂಡಿದ್ದೆ. ಕೊನೆಯ ದಾರಿ ಹೇಗೂ ಜೀಪಿನದ್ದು. ಕಾರಿನ ಪಾಲಿಗೆ ಬರುವುದು ಬೆಂಗಳೂರಿನಿಂದ ಗೇಟಿನ ತನಕ, ಅದರಲ್ಲಿ 230 ಕಿ.ಮೀ. ಒಳ್ಳೆ ರಸ್ತೆ. ಆ ಲೆಕ್ಕಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

640ಡಿ ತಗೊಂಡೆ. 19 ಇಂಚಿನ ವೀಲ್ ತೆಗೆಸಿ 18 ಹಾಕಿಸಿದೆ, ಟೈರ್ ಕೂಡ ರನ್‌ಫ್ಲಾಟ್ ಅಲ್ಲದ್ದು, ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ ಮತ್ತು ಗಾಳಿ ಹೊಡೆಯುವ ಪಂಪ್. ಗೇಟಿನ ಪಕ್ಕ ತಗಡಿನ ಶೆಡ್ ಹಾಕಿಸಿದೆ.

ಮೊದಲ ಸಲ ಬಂದದ್ದು ಜೂನ್‌ನಲ್ಲಿ, ರಾತ್ರಿ ಎಂಟು ಗಂಟೆ, ಜೋರು ಮಳೆ. ಶೆಡ್ಡಿನ ಹತ್ತಿರ ಜೀಪ್ ಸ್ಟಾರ್ಟ್‌ನಲ್ಲೇ ಇತ್ತು, ಅಪ್ಪನೂ ಕೆಳಗೆ ಬಂದಿದ್ದರು. ಹಿಂದಿನ ಬಾಗಿಲು ತೆಗೆದು, ತಲೆ ಸ್ವಲ್ಪ ಬಗ್ಗಿಸಿ ಆರಾಮವಾಗಿ ಕೂತು, ಸೀಟನ್ನು ಎರಡು ಸಲ ಒತ್ತಿ ನೋಡಿದರು. "ಹೆಂಗೆ ಬಂತು?" ಅಂದರು. "ನಿದ್ದೆ ಬರೋ ಹಾಗೆ" ಅಂದೆ. "ಆ ಕೆಂಪು ಕಾರು ಏನಾಯ್ತು?" ಅಂತ ಕೇಳಿದರು. ಅದು ಕೇರಳದವರಿಗೆ ಹೋಯಿತಂತೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೆನ್ನಾಗಿತ್ತು ಅದು" ಅಂದರು. ಆಮೇಲೆ ಚೀಲಗಳನ್ನೆಲ್ಲ ಜೀಪಿಗೆ ಹಾಕಿಕೊಂಡು, ಒಂದೇ ವೈಪರ್ ಓಡುವ ಗಾಜಿನೊಳಗಿಂದ ದಾರಿ ನೋಡುತ್ತಾ ಮನೆಗೆ ಹತ್ತಿದೆವು.