ಸ್ಲಿಪ್ಪರ್ ಆರ್ಕಿಡ್ ಕಾಯಿ ಕಚ್ಚಿದ ವರ್ಷ

ಕಳೆದ ವರ್ಷ ಜನವರಿಯ ಕೊನೆಯ ವಾರದ ಒಂದು ಬೆಳಿಗ್ಗೆ, ದಾವಣಗೆರೆಯ ನಮ್ಮ ಮನೆಯ ಉತ್ತರ ಗೋಡೆಗೆ ಒತ್ತಿ ಕಟ್ಟಿರುವ ನೆರಳು ಪರದೆಯ ಕೆಳಗೆ, ಅರಳಿ ಮೂರು ದಿನವಾಗಿದ್ದ ಸ್ಲಿಪ್ಪರ್ ಆರ್ಕಿಡ್ ಹೂವಿನ ಚೀಲವನ್ನು ಹೊಸ ಬ್ಲೇಡಿನಿಂದ ಕತ್ತರಿಸಿ ತೆಗೆದೆ. ಹಾಗೆಯೇ ಬಿಟ್ಟಿದ್ದರೆ ಆ ಹೂವು ಒಂದೂವರೆ ತಿಂಗಳಾದರೂ ಬಾಡದೆ ನಿಲ್ಲುತ್ತಿತ್ತು. ಪಾದುಕೆಯ ಮೂತಿಯಂತಿರುವ ಆ ಚೀಲದಿಂದಲೇ ಈ ಗಿಡಗಳಿಗೆ ಹೆಸರು ಬಂದಿದೆ. ಅದನ್ನೇ ಕಿತ್ತ ಮೇಲೆ ನೋಡುವವರಿಗೆ ಅಲ್ಲಿ ಏನೂ ಉಳಿಯುವುದಿಲ್ಲ. ನನಗೆ ಬೇಕಾಗಿದ್ದುದು ಕಾಯಿ.

ಈ ಗುಂಪಿನಲ್ಲಿ ಚಳಿನಾಡಿನವು ಬೇರೆ, ಬೆಚ್ಚನೆಯ ಕಾಡಿನವು ಬೇರೆ. ಸಿಪ್ರಿಪೀಡಿಯಂ ಎಂಬ ಕುಲದ ಸುಮಾರು ಐವತ್ತು ಪ್ರಭೇದಗಳು ಯುರೋಪು, ಏಷ್ಯಾ ಮತ್ತು ಉತ್ತರ ಅಮೆರಿಕದ ತಂಪು ಪ್ರದೇಶಗಳಲ್ಲಿವೆ. ನಮ್ಮ ದೇಶದಲ್ಲಿ ಅವುಗಳನ್ನು ನೋಡಬೇಕೆಂದರೆ ಹಿಮಾಲಯಕ್ಕೇ ಹೋಗಬೇಕು. ಚಳಿಗಾಲದಲ್ಲಿ ಅವು ನೆಲದ ಮೇಲಿನ ಎಲೆ ಕಾಂಡಗಳನ್ನೆಲ್ಲ ಕಳೆದುಕೊಂಡು, ಮಣ್ಣಿನೊಳಗೆ ಮೂರು ತಿಂಗಳಾದರೂ ಮಂಜುಗಡ್ಡೆಯ ಹತ್ತಿರದ ಶೀತದಲ್ಲಿ ಮಲಗಿದ್ದರೆ ಮಾತ್ರ ವಸಂತದಲ್ಲಿ ಚಿಗುರುತ್ತವೆ. ದಾವಣಗೆರೆಯ ಡಿಸೆಂಬರ್ ರಾತ್ರಿ ಒಂದು ಶಾಲು ಬೇಡುವಷ್ಟೇ ಚಳಿಯದು. ಆದ್ದರಿಂದ ಜರ್ಮನಿಯ ವೆರ್ನರ್ ಫ್ರಾಶ್ ಅವರು ಪಾರ್ವಿಫ್ಲೋರಂ ಮತ್ತು ಮ್ಯಾಕ್ರಾಂಥೋಸ್ ಪ್ರಭೇದಗಳನ್ನು ಕೂಡಿಸಿ 1992ರಲ್ಲಿ ನೋಂದಾಯಿಸಿದ ‘ಗಿಸೆಲಾ’ದಂತಹ ಮಿಶ್ರತಳಿಗಳನ್ನು ನಾನು ಚಿತ್ರಗಳಲ್ಲಿ ನೋಡಿಯೇ ತೃಪ್ತಳಾಗಬೇಕು. ನಾನು ಸಾಕಿರುವುದು ಅವುಗಳ ದಾಯಾದಿ ಕುಲವಾದ ಪ್ಯಾಫಿಯೋಪೆಡಿಲಂ. ಪರಾಗ ಮುಟ್ಟಿಸುವ ಕೈಕೆಲಸ ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಹೂವಿನ ರಚನೆ ತಿಳಿಯದೆ ಈ ಕೆಲಸಕ್ಕೆ ಕೈ ಹಾಕಬಾರದು. ಮಕರಂದದ ಆಸೆಗೆ ಬಂದ ಹುಳು ಚೀಲದೊಳಗೆ ಜಾರಿ ಬೀಳುತ್ತದೆ; ಒಳಗೆ ಮಕರಂದವೇ ಇರುವುದಿಲ್ಲ, ಮುಂದಿನ ಗೋಡೆ ನುಣುಪಾಗಿರುವುದರಿಂದ ಬಂದ ದಾರಿಯಲ್ಲಿ ಹಿಂತಿರುಗಲೂ ಆಗುವುದಿಲ್ಲ. ಹಿಂಭಾಗದ ರೋಮಗಳನ್ನು ಹಿಡಿದು ಹತ್ತುವಾಗ ಅದರ ಬೆನ್ನು ಮೊದಲು ಪರಾಗವನ್ನು ಪಡೆಯುವ ಹೆಣ್ಣುಭಾಗವಾದ ಶಲಾಕಾಗ್ರಕ್ಕೆ ಉಜ್ಜುತ್ತದೆ, ಆಮೇಲೆ ಎಡಬಲದ ಎರಡು ಕಿಂಡಿಗಳಲ್ಲಿ ಒಂದರಿಂದ ನುಸುಳಿ ಹೊರಬೀಳುವಾಗ ಅಲ್ಲಿರುವ ಪರಾಗಕೋಶದ ಅಂಟನ್ನು ಹೊತ್ತುಕೊಳ್ಳುತ್ತದೆ. ಮೊದಲು ಕೊಡುವುದು, ಆಮೇಲೆ ಪಡೆಯುವುದು ಎಂಬ ಈ ಕ್ರಮದಿಂದಾಗಿ ಒಂದು ಹೂವಿನ ಪರಾಗ ಅದೇ ಹೂವಿಗೆ ಬೀಳುವ ಸಂಭವ ತೀರ ಕಡಿಮೆ. ಇಷ್ಟು ಚೊಕ್ಕವಾದ ಏರ್ಪಾಡನ್ನು ನಾನು ಬೇರೆ ಯಾವ ಹೂವಿನಲ್ಲೂ ಕಂಡಿಲ್ಲ.

ಹುಳುವಿನ ಕೆಲಸವನ್ನು ನಾವು ಮಾಡುವಾಗ ಚೀಲ ಅಡ್ಡ ಬರುತ್ತದೆ, ಅದಕ್ಕೇ ಕತ್ತರಿಸುವುದು. ಕತ್ತರಿಸಿದ ಮೇಲೆ ಹೂವನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿದರೆ, ಗುರಾಣಿಯಂತಹ ಬಂಜೆ ಕೇಸರದ ಹಿಂದೆ, ಕೆಳಮುಖವಾಗಿ, ಹೆಸರುಕಾಳಿಗಿಂತ ತುಸು ದೊಡ್ಡದಾದ ಹೊಳಪಿನ ಬಿಲ್ಲೆಯೊಂದು ಕಾಣುತ್ತದೆ. ಅದೇ ಶಲಾಕಾಗ್ರ. ಅದರ ಇಕ್ಕೆಲದಲ್ಲಿ ಹಳದಿ ಮೇಣದಂತಹ ಪರಾಗ. ತಾಯಿ ಹೂವಿನ ಪರಾಗವನ್ನು ಹಲ್ಲುಕಡ್ಡಿಯಿಂದ ಬಿಡಿಸಿ ತೆಗೆದಿಟ್ಟು, ಇನ್ನೊಂದು ಕಡ್ಡಿಯ ತುದಿಯಲ್ಲಿ ತಂದೆ ಗಿಡದ ಪರಾಗವನ್ನೆತ್ತಿ ಆ ಬಿಲ್ಲೆಗೆ ಒತ್ತಿ ಸವರಬೇಕು. ನನ್ನ ತಾಯಿ ಗಿಡ ಎಲೆಯ ಮೇಲೆ ಚುಕ್ಕೆಬೂದು ಚಿತ್ತಾರವಿರುವ ‘ಮಾಡಿಯೇ’ ವರ್ಗದ ಹಳೆಯ ಮಿಶ್ರತಳಿ. ತಂದೆ ನಮ್ಮ ಈಶಾನ್ಯ ಭಾರತದ ವೆನುಸ್ಟಂ, ಅದರ ಚೀಲದ ಮೇಲೆ ಹಸಿರು ನರಗಳ ಹೆಣಿಗೆ ಇರುತ್ತದೆ. ವೆನುಸ್ಟಂ ಡಿಸೆಂಬರಿನಲ್ಲೇ ಅರಳಿದ್ದರಿಂದ ಅದರ ಪರಾಗವನ್ನು ಬೆಣ್ಣೆ ಕಾಗದದಲ್ಲಿ ಮಡಿಸಿ, ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಪೊಟ್ಟಣದೊಂದಿಗೆ ಸಣ್ಣ ಸೀಸೆಯಲ್ಲಿಟ್ಟು, ಐದು ವಾರ ಫ್ರಿಜ್ಜಿನಲ್ಲಿ ಕಾಪಾಡಿದ್ದೆ.

ಈ ಕೈಕೆಲಸ ನನಗೆ ಪುಸ್ತಕದಿಂದ ಬಂದದ್ದಲ್ಲ. ಚಳ್ಳಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ನಾನು ಚಿಕ್ಕವಳಿದ್ದಾಗ ಅವ್ವ ಸೀಡ್ಸ್ ಹತ್ತಿಯ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ 1972ರಲ್ಲೂ ಡಿಸಿಎಚ್–32 1981ರಲ್ಲೂ ಹೊರಬಂದ ಮೇಲೆ, ಅಂತಹ ಹೈಬ್ರಿಡ್ ಹತ್ತಿಯ ಬೀಜವನ್ನು ಪ್ರತಿವರ್ಷ ಹೊಸದಾಗಿ, ಹೂವಿಗೊಂದರಂತೆ ಕೈಯಿಂದಲೇ ಕೂಡಿಸಿ ಪಡೆಯಬೇಕಾಗಿತ್ತು. ಮರುದಿನ ಅರಳಲಿರುವ ಮೊಗ್ಗನ್ನು ಸಂಜೆಯೇ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ಬುಡದಲ್ಲಿ ಸೀಳಿ, ದಳವನ್ನೂ ಕೇಸರವನ್ನೂ ಒಂದೇ ತಿರುವಿಗೆ ಸುಲಿದು, ನಡುವಿನ ಶಲಾಕೆಗೆ ಗಾಯವಾಗದಂತೆ ಬಿಟ್ಟು ಕೆಂಪು ಕಾಗದ ತೊಡಿಸುವುದು. ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಸವರುವುದು. ಅವ್ವ ಒಂದು ಮೊಗ್ಗಿಗೆ ನಾಲ್ಕು ಉಸಿರಿನಷ್ಟು ಹೊತ್ತನ್ನೂ ತೆಗೆದುಕೊಳ್ಳುತ್ತಿರಲಿಲ್ಲ. 1869ರಲ್ಲಿ ಇಂಗ್ಲೆಂಡಿನ ಜಾನ್ ಡೊಮಿನಿ ಎಂಬ ತೋಟಗಾರ ವಿಲ್ಲೋಸಂ ಮತ್ತು ಬಾರ್ಬೇಟಂ ಪ್ರಭೇದಗಳಿಂದ ಪಡೆದ ಮೊದಲ ಸ್ಲಿಪ್ಪರ್ ಮಿಶ್ರತಳಿ ಹೂ ಬಿಟ್ಟಿತೆಂದೂ, ಆರ್ಕಿಡ್ ಹೂವಿನ ಒಳಗುಟ್ಟನ್ನು ಅವನಿಗೆ ತಿಳಿಸಿಕೊಟ್ಟ ಶಸ್ತ್ರವೈದ್ಯ ಜಾನ್ ಹ್ಯಾರಿಸ್ ಅವರ ಹೆಸರನ್ನೇ ಅದಕ್ಕೆ ಇಟ್ಟರೆಂದೂ ಓದಿದಾಗ ನನಗೆ ನೆನಪಾದದ್ದು ಅವ್ವನ ಆ ಉಗುರು. ನಮ್ಮ ಹೊಲಗಳಲ್ಲಿ ಕ್ರಾಸಿಂಗ್ ಮಾಡಿದ ಹೆಣ್ಣುಮಕ್ಕಳ ಹೆಸರಿನಲ್ಲಿ ಒಂದು ಹತ್ತಿ ತಳಿಯಾದರೂ ಇರಬೇಕಿತ್ತು.

ಅವ್ವನಿಗೆ ಈಗ ಕಣ್ಣು ಮಂಜು. ಆದರೂ ನಾನು ಪರಾಗ ಮುಟ್ಟಿಸಿದ ಹೂವಿನ ಕಾಂಡವನ್ನು ಬೆರಳಿನಿಂದ ಸವರಿ ನೋಡಿ, “ಇದು ಕಚ್ಚೇತೆ ಬಿಡವ್ವ, ಗಟ್ಟಿ ಐತೆ” ಎಂದು ಹತ್ತನೆಯ ದಿನವೇ ಹೇಳಿದಳು. ದಳಗಳು ಐದು ದಿನದಲ್ಲಿ ಬಾಡಿದ್ದವು. ಹೂವಿನ ಹಿಂದಿನ ಕಡ್ಡಿಯಂತಹ ಅಂಡಾಶಯ ಹಸಿರಾಗಿಯೇ ಉಳಿದು ಊದತೊಡಗಿತ್ತು. ಆರ್ಕಿಡ್‌ಗಳಲ್ಲಿ ಪರಾಗ ಬಿದ್ದ ಹೊತ್ತಿಗೆ ಅಂಡಕಗಳು ಇನ್ನೂ ಬಲಿತೇ ಇರುವುದಿಲ್ಲ. ಪರಾಗ ಬಿದ್ದ ಮೇಲೆಯೇ ಅವು ಬೆಳೆಯಲು ಹೊರಡುತ್ತವೆ, ಗರ್ಭ ಕಟ್ಟುವುದು ಎಷ್ಟೋ ವಾರಗಳ ನಂತರದ ಮಾತು. ಕಾಯಿ ಊದಿದ ಮಾತ್ರಕ್ಕೆ ಬೀಜ ಕಟ್ಟಿದೆ ಎಂದು ನಂಬುವಂತಿಲ್ಲ.

ಅದಕ್ಕೆ ಹಿಂದಿನ ವರ್ಷ ಹಾಗೆ ನಂಬಿ ಮೋಸ ಹೋಗಿದ್ದೆ. ಮೊದಲ ಪ್ರಯತ್ನದಲ್ಲಿ ಇದೇ ತಾಯಿಗೆ ಇನ್ಸಿಗ್ನೆ ಎಂಬ ಇನ್ನೊಂದು ಪ್ರಭೇದದ ಪರಾಗ ಮುಟ್ಟಿಸಿದ್ದೆ. ಏಪ್ರಿಲಿನ ಬಿಸಿಗಾಳಿ ಶುರುವಾದಾಗ ನಾನು ಒಂದು ಮದುವೆಗೆಂದು ನಾಲ್ಕು ದಿನ ಊರಿನಲ್ಲಿರಲಿಲ್ಲ. ಬಂದು ನೋಡಿದರೆ ಸುತ್ತ ಕಟ್ಟಿದ್ದ ಗೋಣಿಚೀಲಗಳು ಒಣಗಿ ಗರಿಗರಿಯಾಗಿದ್ದವು, ಕಾಯಿ ಹಳದಿಯಾಗಿ ಕುಂಡದಲ್ಲಿ ಬಿದ್ದಿತ್ತು. ಒಡೆದು ನೋಡಿದರೆ ಒಳಗೆ ಬರೀ ಹೊಟ್ಟು. ಬಿಸಿಲು ಒಂದು ಕಾರಣವಾದರೆ, ಗಿಡಗಳ ಆಯ್ಕೆಯೂ ಇನ್ನೊಂದು ಕಾರಣವಿರಬಹುದು ಎಂದು ನನ್ನ ಅನಿಸಿಕೆ: ಈ ಕುಲದಲ್ಲಿ ವರ್ಣತಂತುಗಳ ಸಂಖ್ಯೆ ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗಿರುತ್ತದೆ, ಮತ್ತು ಲೆಕ್ಕ ಹೊಂದದ ಜೋಡಿಗಳಲ್ಲಿ ಬೀಜದೊಳಗೆ ಭ್ರೂಣ ಕಟ್ಟುವುದು ಕಷ್ಟ. ಎರಡನೆಯ ವರ್ಷ ಮೇ ಮುಗಿಯುವವರೆಗೂ ನಾನು ಎಲ್ಲಿಗೂ ಹೋಗಲಿಲ್ಲ. ದಿನಕ್ಕೆ ನಾಲ್ಕು ಸಲ ಗೋಣಿಚೀಲ ನೆನೆಸಿದೆ.

ಸೆಪ್ಟೆಂಬರಿನಲ್ಲಿ, ಏಳು ತಿಂಗಳ ಕಾಯಿಯನ್ನು ಒಡೆಯುವ ಮೊದಲೇ ಹಸಿರಾಗಿ ಕಿತ್ತು, ಬಾಳೆಯ ಅಂಗಾಂಶ ಕೃಷಿ ಮಾಡುವ ಬೆಂಗಳೂರಿನ ಪರಿಚಿತರೊಬ್ಬರಿಗೆ ಒಯ್ದು ಕೊಟ್ಟೆ. ಆರ್ಕಿಡ್ ಬೀಜ ರಾಗಿ ಹಿಟ್ಟಿಗಿಂತ ನುಣುಪು. ಅದರಲ್ಲಿ ಮೊಳಕೆಗೆ ಬೇಕಾದ ಆಹಾರದ ಗಂಟೇ ಇರುವುದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಅದನ್ನು ಸಾಕುತ್ತದೆ. ಸಕ್ಕರೆ ಮತ್ತು ಲವಣಗಳಿರುವ ಅಗರ್ ಎಂಬ ಲೋಳೆಯ ಮೇಲೆ ಶಿಲೀಂಧ್ರವಿಲ್ಲದೆಯೇ ಮೊಳೆಸಬಹುದೆಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿಕೊಟ್ಟ ಮೇಲೆಯೇ ಇಂತಹ ಕೆಲಸ ನಮ್ಮಂತಹವರ ಕೈಗೆಟುಕಿದ್ದು. ಹೊರಮೈಯನ್ನು ಶುದ್ಧಗೊಳಿಸಿದ ಹಸಿರು ಕಾಯಿಯನ್ನು ಸೋಂಕು ತಗುಲದ ಪೆಟ್ಟಿಗೆಯಲ್ಲಿ ಸೀಳಿ, ಬೀಜವನ್ನು ಸೀಸೆಗಳಿಗೆ ಉದುರಿಸಿ, ಅವರು ಕತ್ತಲಲ್ಲಿಟ್ಟರು.

ಇದನ್ನು ಓದಿ ಆಸಕ್ತಿ ಹುಟ್ಟಿದವರು ದಯವಿಟ್ಟು ನರ್ಸರಿಯಲ್ಲಿ ಬೆಳೆಸಿದ ಗಿಡಗಳನ್ನೇ ಕೊಳ್ಳಬೇಕು. ದಕ್ಷಿಣ ಭಾರತಕ್ಕೆ ತನ್ನದೇ ಎಂದಿರುವ ಸ್ಲಿಪ್ಪರ್ ಆರ್ಕಿಡ್ ಒಂದೇ ಒಂದು: ಅಗಸ್ತ್ಯಮಲೆಯ ಡ್ರೂರಿಯೈ, ಹಳದಿ ದಳಗಳ ನಡುವೆ ಕಂದು ಗೆರೆ ಎಳೆದಂತಹ ಹೂವು. ಅದು ಇಲ್ಲವೇ ಆಯಿತೆಂದು ತಿಳಿದಿದ್ದವರಿಗೆ 1972ರಲ್ಲಿ ಮತ್ತೆ ಸಿಕ್ಕಿತು. ಸಿಕ್ಕ ಮೇಲೂ ಸಂಗ್ರಹಕಾರರು ಅದನ್ನು ಬಿಡಲಿಲ್ಲ. ಪ್ಯಾಫಿಯೋಪೆಡಿಲಂ ಕುಲ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ, ಅಂತರರಾಷ್ಟ್ರೀಯ ವ್ಯಾಪಾರವನ್ನು ನಿರ್ಬಂಧಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲೂ ಇದೆ. ಕಾಡಿನಿಂದ ಕಿತ್ತ ಗಿಡವನ್ನು ಅಗ್ಗಕ್ಕೆ ಕೊಡುತ್ತೇನೆಂದು ಯಾರಾದರೂ ಹೇಳಿದರೆ ಒಲ್ಲೆ ಎನ್ನಿ.

ಮೊನ್ನೆ ಸೀಸೆಗಳು ಮನೆಗೆ ಬಂದವು. ಆರರಲ್ಲಿ ನಾಲ್ಕು ಬೂಷ್ಟು ಹಿಡಿದು ಹಾಳಾಗಿವೆ. ಉಳಿದೆರಡರಲ್ಲಿ ಹತ್ತೊಂಬತ್ತು ಸಸಿಗಳಿವೆ, ಒಂದೊಂದಕ್ಕೂ ಅಕ್ಕಿಕಾಳಿನಷ್ಟುದ್ದದ ಎರಡು ಎಲೆ. ಹೂವು ಕಾಣಲು ಇನ್ನೂ ನಾಲ್ಕೈದು ವರ್ಷ ಬೇಕು. ಅವ್ವ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿಸಿಕೊಂಡು, ಕಣ್ಣಿನ ಹತ್ತಿರಕ್ಕೆ ತಂದು, “ಗಂಡಿನ ಕಡೆ ಹೋಗ್ಯಾವೋ, ಹೆಣ್ಣಿನ ಕಡೆ ಹೋಗ್ಯಾವೋ?” ಎಂದು ಕೇಳಿದಳು. ಒಂದು ಸಸಿಯ ಎಲೆಯಲ್ಲಿ ಬೂದು ಚಿತ್ತಾರ ಆಗಲೇ ತೆಳುವಾಗಿ ಮೂಡಿರುವುದನ್ನು ತೋರಿಸಿದೆ. ಆದರೆ ಎಲೆಯ ಚಿತ್ತಾರ ತಂದೆ ತಾಯಿ ಇಬ್ಬರಲ್ಲೂ ಇರುವುದರಿಂದ ಅವ್ವನ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ. ಚೀಲದ ಮೇಲೆ ಹಸಿರು ನರ ಬರುತ್ತದೆಯೋ ಇಲ್ಲವೋ ನೋಡಬೇಕು.