‘ಅಲ್ಲಿ ಒರಿಜಿನಲ್ ಬುಷ್‌ಮನ್ ಸಿಗ್ತಾರಾ?’

ನಮೀಬಿಯಾಗೆ ಹೋಗಿ ಬಂದಾಗಿನಿಂದ ನನ್ನನ್ನು ಜಾಸ್ತಿ ಜನ ಕೇಳುವುದು ಸಿಂಹದ ವಿಷಯ ಅಲ್ಲ. ‘ಅಲ್ಲಿ ಒರಿಜಿನಲ್ ಬುಷ್‌ಮನ್ ಸಿಗ್ತಾರಾ? ಇಲ್ಲಾ ಟೂರಿಸ್ಟರಿಗೋಸ್ಕರ ವೇಷ ಹಾಕಿರ್ತಾರಾ?’ (ಬುಷ್‌ಮನ್ ಅಂದರೆ ಆಫ್ರಿಕಾದ ದಕ್ಷಿಣ ಭಾಗದಲ್ಲಿ ಬೇಟೆಯಾಡಿ ಬದುಕುತ್ತಿದ್ದ ಮೂಲನಿವಾಸಿಗಳು.) ನೆಂಟರು ಕೇಳಿದ್ದಾರೆ, ಆಫೀಸಿನವರು ಕೇಳಿದ್ದಾರೆ. ಮೊನ್ನೆ ಮದುವೆ ಊಟದಲ್ಲಿ ಪಕ್ಕದ ಎಲೆಯವರೂ ಕೇಳಿದರು. ಅಷ್ಟರಲ್ಲಿ ಹೋಳಿಗೆ ಬಂತು, ಉತ್ತರ ಅರ್ಧಕ್ಕೇ ನಿಂತಿತು. ಉಳಿದಿದ್ದು ಇಲ್ಲಿದೆ.

ವೇಷ ಹಾಕಿರ್ತಾರೆ. ಗ್ರಾಸ್‌ಹೂಕ್ ಅನ್ನುವ ಹಳ್ಳಿಯಲ್ಲಿ ಬುಷ್‌ಮನ್ನರದ್ದೇ ಒಂದು ಗುಂಪಾದ ಜುಹೋನ್ಸಿ ಜನ ತಾವೇ ನಡೆಸುವ ಒಂದು ‘ಜೀವಂತ ಮ್ಯೂಸಿಯಂ’ ಇದೆ. ಚರ್ಮದ ಉಡುಗೆ ಉಟ್ಟು ಬರುತ್ತಾರೆ, ಕಡ್ಡಿ ಕಡೆದು ಬೆಂಕಿ ಹೊತ್ತಿಸುತ್ತಾರೆ, ಕೆಲಸ ಮುಗಿದ ಮೇಲೆ ಪ್ಯಾಂಟು ಶರ್ಟು ಹಾಕಿಕೊಂಡು ಮನೆಗೆ ಹೋಗುತ್ತಾರೆ. ದುಡ್ಡು ಅವರಿಗೇ. ಇದರಲ್ಲಿ ಮೋಸ ಏನಿದೆ? ಯಕ್ಷಗಾನದವರು ಕಿರೀಟ ಇಟ್ಟುಕೊಂಡೇ ಬಸ್ ಹತ್ತುತ್ತಾರಾ?

ನನಗೆ ಮರೆಯಲಾಗದೆ ಉಳಿದಿದ್ದು ಬೇರೆ. ಮುಂದೆ ನಡೆಯುತ್ತಿದ್ದ ಹಿರಿಯರು ಮರಳಲ್ಲಿ ಒಂದು ಗೊರಸಿನ ಗುರುತು ತೋರಿಸಿದರು. ಅದರ ಮೇಲೆ ಸೂಜಿಯಲ್ಲಿ ಹೊಲಿಗೆ ಹಾಕಿದ ಹಾಗೆ ಸಣ್ಣ ಸಾಲು. ರಾತ್ರಿ ಓಡಾಡುವ ಹುಳದ ಜಾಡು. ಅಂದರೆ ಜಿಂಕೆ ಹೋಗಿದ್ದು ಹುಳಕ್ಕಿಂತ ಮುಂಚೆ, ನಿನ್ನೆ. ಆಮೇಲೆ ನಮ್ಮ ಶೂ ಗುರುತುಗಳನ್ನು ನೋಡಿ ಯಾವುದು ಯಾರದ್ದು ಅಂತ ಒಂದೊಂದಾಗಿ ಹೇಳಿದರು. ನನ್ನ ಎಡಗಾಲು ಸ್ವಲ್ಪ ಎಳೆಯುತ್ತದಂತೆ. ಹೌದು, ಹಳೆಯ ಮಂಡಿ ನೋವು. ಎಲ್ಲರೂ ನಕ್ಕೆವು.

ಮನುಷ್ಯರ ಹೆಜ್ಜೆಯನ್ನೂ ಹೀಗೆ ಓದಬಲ್ಲ ಈ ಕಣ್ಣನ್ನೇ ಒಂದು ಸೇನೆ ಸಂಬಳಕ್ಕೆ ಇಟ್ಟುಕೊಂಡಿತ್ತು.

1990ರವರೆಗೆ ನಮೀಬಿಯಾ ದಕ್ಷಿಣ ಆಫ್ರಿಕಾದ ಹಿಡಿತದಲ್ಲಿತ್ತು. ಸ್ವಾತಂತ್ರ್ಯಕ್ಕಾಗಿ ಹೊಡೆದಾಡುತ್ತಿದ್ದ ಸ್ವಾಪೋ ಗೆರಿಲ್ಲಾಗಳು ಅಂಗೋಲಾ ಕಡೆಯಿಂದ ಗಡಿ ದಾಟಿ ಬರುತ್ತಿದ್ದರು. ಅವರ ಜಾಡು ಹಿಡಿಯಲು ದಕ್ಷಿಣ ಆಫ್ರಿಕಾದ ಸೇನೆ 1974ರಲ್ಲಿ ನಮೀಬಿಯಾದ ಈಶಾನ್ಯ ಮೂಲೆಯ ಕ್ಯಾಪ್ರಿವಿ ಪಟ್ಟಿಯ ಒಮೆಗಾದಲ್ಲಿ ಸಾನ್, ಅಂದರೆ ಬುಷ್‌ಮನ್ ಜನರದ್ದೇ ಒಂದು ದಳ ಕಟ್ಟಿತು. ಅದೇ ಮುಂದೆ 31ನೇ ಬೆಟಾಲಿಯನ್ ಆಯಿತು. (ಬುಷ್‌ಮನ್ ಎಂಬುದೂ ಸಾನ್ ಎಂಬುದೂ ಹೊರಗಿನವರು ಇಟ್ಟ ಹೆಸರುಗಳೇ. ಈ ದಳದಲ್ಲಿದ್ದವರು ಖ್ವೇ ಮತ್ತು ಖುನ್ ಜನ. ‘ಖುನ್’ ಶುರುವಾಗುವುದು ನಾಲಗೆ ಲೊಚಗುಟ್ಟಿದ ಸದ್ದಿನಿಂದ, ಅದಕ್ಕೆ ನಮ್ಮಲ್ಲಿ ಅಕ್ಷರ ಇಲ್ಲ.) ಅವರಲ್ಲಿ ಎಷ್ಟೋ ಮಂದಿ ಮೊದಲು ಅಂಗೋಲಾದಲ್ಲಿ ಪೋರ್ಚುಗೀಸರ ಪರ ಬಂದೂಕು ಹಿಡಿದವರು. ಪೋರ್ಚುಗೀಸರು ಗಂಟುಮೂಟೆ ಕಟ್ಟಿದ ಮೇಲೆ ಇವರಿಗೆ ಅಲ್ಲಿ ಜಾಗ ಇರಲಿಲ್ಲ. ಸೇನೆಯಲ್ಲಿ ಸಂಬಳ ಇತ್ತು, ಹೆಂಡತಿ ಮಕ್ಕಳಿಗೆ ಊಟ ಇತ್ತು. ಬಿಳಿಯರ ಜಮೀನಿನ ಕೂಲಿಗಿಂತ ಎಷ್ಟೋ ಜಾಸ್ತಿ.

ಅದೇ ಯುದ್ಧ ಆನೆಗಳನ್ನೂ ತಿಂದಿತು. ಅಂಗೋಲಾದಲ್ಲಿ ಸಾವಿಂಬಿಯ ಯುನಿಟಾ ಬಂಡುಕೋರರಿಗೆ ದಕ್ಷಿಣ ಆಫ್ರಿಕಾ ಬೆಂಬಲ ಕೊಡುತ್ತಿತ್ತು. ಬದಲಿಗೆ ಬಂಡುಕೋರರ ಹತ್ತಿರ ಕೊಡಲು ಇದ್ದದ್ದು ಆನೆ ದಂತ, ಘೇಂಡಾಮೃಗದ ಕೊಂಬು, ತೇಗ. ಅದನ್ನೆಲ್ಲ ಸಾಗಿಸಲು ದಕ್ಷಿಣ ಆಫ್ರಿಕಾ ಸೇನೆಯ ಗುಪ್ತಚರ ವಿಭಾಗಕ್ಕೆ ಫ್ರಾಮಾ ಎಂಬ ಕಂಪನಿಯ ಮರೆ ಇತ್ತು. ಇದು ಗಾಳಿಸುದ್ದಿ ಅಲ್ಲ. ವರ್ಣಭೇದದ ಸರ್ಕಾರ ಹೋದ ಮೇಲೆ ನ್ಯಾಯಮೂರ್ತಿ ಕುಮ್ಲೆಬೆನ್ ವಿಚಾರಣೆ ನಡೆಸಿ, ಸೇನೆ ಈ ಸಾಗಾಟದಲ್ಲಿ ಭಾಗಿಯಾಗಿತ್ತು ಅಂತ 1996ರಲ್ಲಿ ವರದಿ ಕೊಟ್ಟರು.

ಯುದ್ಧ ಮುಗಿಯಿತು, ನಮೀಬಿಯಾ ಸ್ವಾಪೋ ಕೈಗೆ ಬಂತು. ಗೆದ್ದವರ ದೇಶದಲ್ಲಿ ಉಳಿದರೆ ಏನಾಗುತ್ತದೋ ಅಂತ ಹೆದರಿ ಆ ಸಾನ್ ಸೈನಿಕರು ಮತ್ತು ಮನೆಯವರು, ಸುಮಾರು 4,000 ಜನ, 1990ರಲ್ಲಿ ಸೇನೆಯ ಹಿಂದೆಯೇ ದಕ್ಷಿಣ ಆಫ್ರಿಕಾಕ್ಕೆ ಹೋದರು. ಕಿಂಬರ್ಲಿ ಹತ್ತಿರದ ಸ್ಮಿಟ್ಸ್‌ಡ್ರಿಫ್ಟ್‌ನಲ್ಲಿ ಸೇನೆಯ ಟೆಂಟುಗಳು. ಅಲ್ಲಿ ಎಷ್ಟು ದಿನ ಅಂತೀರಿ? ಹತ್ತು ವರ್ಷಕ್ಕೂ ಜಾಸ್ತಿ. ಆ ನೆಲವೂ ಟ್ಸ್ವಾನಾ ಜನರನ್ನು ಎಬ್ಬಿಸಿ ಸರ್ಕಾರ ಕಿತ್ತುಕೊಂಡಿದ್ದು. ಅವರು ವಾಪಸ್ ಕೇಳಿದರು, ಪಡೆದರು. ಇವರು ಮತ್ತೆ ಗಂಟು ಕಟ್ಟಿ ಕಿಂಬರ್ಲಿ ಪಕ್ಕದ ಪ್ಲಾಟ್‌ಫಾಂಟೇನ್‌ಗೆ ಹೋದರು.

ಸರಿ, ಟೂರಿಸಂಗೆ ಬರೋಣ. ಎಲ್ಲರೂ ಫೋಟೋ ಹಾಕುವ ನಮೀಬಿಯಾದ ಎಟೋಶಾ ಪಾರ್ಕಿನಿಂದ, ಸಾನ್‌ರದ್ದೇ ಒಂದು ಗುಂಪಾದ ಹೈಓಮ್ ಜನರನ್ನು ಹೊರಗೆ ಹಾಕಿದ್ದು 1954ರಲ್ಲಿ. ಪಕ್ಕದ ದೇಶ ಬೋಟ್ಸ್‌ವಾನಾದ್ದಂತೂ ಓದಿದಾಗ ನನಗೆ ನಂಬಲೇ ಆಗಿರಲಿಲ್ಲ. ಮಧ್ಯ ಕಲಹಾರಿಯ ಮೀಸಲು ಪ್ರದೇಶ 1961ರಲ್ಲಿ ಆಗಿದ್ದೇ ಪ್ರಾಣಿಗಳ ಜೊತೆ ಸಾನ್ ಜನರೂ ಬದುಕಿಕೊಳ್ಳಲಿ ಅಂತ. 1997ರಲ್ಲಿ ಮತ್ತು 2002ರಲ್ಲಿ ಅವರನ್ನೇ ಅಲ್ಲಿಂದ ಎಬ್ಬಿಸಿದರು. ಅದರೊಳಗಿನ ಮೊತೊಮೆಲೊ ಎಂಬಲ್ಲಿ ಇದ್ದ ಕೊಳವೆಬಾವಿಯ ಪಂಪು ಕಿತ್ತು ಬಾಯಿ ಮುಚ್ಚಿದರು. 2006ರಲ್ಲಿ ಕೋರ್ಟು ‘ಎಬ್ಬಿಸಿದ್ದು ತಪ್ಪು’ ಅಂದಿತು. ವಾಪಸ್ ಹೋದವರಿಗೆ ನೀರಿಲ್ಲ. ಅದೇ ಹೊತ್ತಿನಲ್ಲಿ ಅದೇ ಕಾಡಿನೊಳಗೆ ಒಂದು ಸಫಾರಿ ಲಾಡ್ಜ್ ಶುರುವಾಯಿತು, ಈಜುಕೊಳದ ಸಮೇತ! ಬಾವಿಯ ಹಕ್ಕು ಸಿಕ್ಕಿದ್ದು 2011ರಲ್ಲಿ, ಮೇಲ್ಮನವಿ ಕೋರ್ಟಿನಿಂದ. ಅದೂ ಅವರದೇ ಖರ್ಚಿನಲ್ಲಿ.

ಅದಕ್ಕೇ ‘ಒರಿಜಿನಲ್’ ಅನ್ನುವ ಮಾತು ಕೇಳಿದರೆ ನನಗೆ ಕಿರಿಕಿರಿ. ಸೇನೆಗೂ ಒರಿಜಿನಲ್ಲೇ ಬೇಕಿತ್ತು, ಕಾಡಿನ ಕಣ್ಣು ಇರುವವರು. ನಮಗೂ ಅದೇ ಬೇಕು, ಚರ್ಮ ಉಟ್ಟವರು. ಪಂಪು ಬೇಕು, ಸ್ಕೂಲು ಬೇಕು ಅಂದ ಕೂಡಲೇ ಅವರು ಡೂಪ್ಲಿಕೇಟ್.

ಹಾಗಾದರೆ ಹೋಗಬಾರದಾ ಅಂತ ಕೇಳ್ತೀರಿ. ನಾನೇ ಹೋಗಿದ್ದೆನಲ್ಲ. ಹೋಗಿ. ಬುಕ್ ಮಾಡುವ ಮುಂಚೆ ಆ ಜಾಗ ಯಾರದ್ದು, ದುಡ್ಡು ಯಾರಿಗೆ ಅಂತ ಕೇಳಿ. ಸುಮ್ನೆ ಕೇಳಿ ನೋಡಿ, ಕೆಲವರು ಮಾತು ಬದಲಿಸುತ್ತಾರೆ.

ಸಾಧ್ಯವಾದರೆ ಕ್ಯಾಪ್ರಿವಿ ಪಟ್ಟಿಯ ಬ್ವಾಬ್ವಾಟಾ ಪಾರ್ಕಿಗೂ ಹೋಗಿ. ಒಮೆಗಾ ಇರುವುದು ಅದರೊಳಗೇ, ಖ್ವೇ ಜನ ಈಗಲೂ ಅಲ್ಲಿದ್ದಾರೆ. ಕವಾಂಗೊ ನದಿ ದಡದಲ್ಲಿ ಬಫೆಲೊ ಅನ್ನುವ ಹಳೆಯ ಸೇನಾ ನೆಲೆ ಪಾಳುಬಿದ್ದಿದೆ. ಅದರ ಸುತ್ತಮುತ್ತ ಈಗ ಆನೆ, ಕಾಡೆಮ್ಮೆ. ಹೊರಗಿನವರು ದುಡ್ಡು ಕೊಟ್ಟು ಲೈಸೆನ್ಸ್ ಪಡೆದು ಆ ಪಾರ್ಕಿನಲ್ಲಿ ಬೇಟೆ ಆಡಬಹುದು. ಅದರಲ್ಲಿ ಒಂದು ಪಾಲು ಊರವರ ಸಂಘಕ್ಕೆ ಬರುತ್ತದೆ, ಮಾಂಸವೂ ಬರುತ್ತದೆ, ಇಲ್ಲ ಅನ್ನುವ ಹಾಗಿಲ್ಲ. ಖ್ವೇ ಜನ ಮಾತ್ರ ತಮ್ಮ ಅಡುಗೆಗೆ ಒಂದು ಜಿಂಕೆ ಹೊಡೆದರೂ ಕಳ್ಳಬೇಟೆ. ಕಳ್ಳಬೇಟೆಯವರ ಹೆಜ್ಜೆ ಹುಡುಕುವ ಕಾವಲುಗಾರರಾಗಿ ಅಲ್ಲಿ ಕೆಲಸಕ್ಕೆ ಇಟ್ಟುಕೊಂಡಿರುವುದೂ ಖ್ವೇ ಜನರನ್ನೇ.