ಎರಡು ನಿಮಿಷದ ಸಿನಿಮಾ, ಹದಿನೇಳು ಲೋಟ ಕಾಫಿ

ಕಾಲೇಜಿನಲ್ಲಿ ನಮಗೆ ಕೊಟ್ಟಿದ್ದ ಕೆಲಸ ಇಷ್ಟೇ. ಒಂದು ಥ್ರಿಲ್ಲರ್ ಸಿನಿಮಾದ ಮೊದಲ ಎರಡು ನಿಮಿಷ ಮಾಡಿ ತೋರಿಸಬೇಕು. ಪೂರ್ತಿ ಸಿನಿಮಾ ಬೇಡ, ಮುಂದಿನ ಕತೆಯೂ ಬೇಡ. ಟೈಟಲ್ ಬಂತು ಅಂದರೆ ಮುಗೀತು. ಕೇಳಿದಾಗ ನಾವು ಐದೂ ಜನ ನಕ್ಕಿದ್ದೆವು. ಎರಡು ನಿಮಿಷ ತಾನೇ, ಒಂದು ಭಾನುವಾರ ಸಾಕಲ್ವಾ?

ಮೊದಲು ಬರೆದ ಸ್ಕ್ರಿಪ್ಟ್‌ನಲ್ಲಿ ಅಲಾರಂ ಹೊಡೆಯುತ್ತದೆ. ಹುಡುಗ ಬೆಚ್ಚಿ ಏಳುತ್ತಾನೆ. ಮುಖ ತೊಳೆದು ಕನ್ನಡಿ ನೋಡಿಕೊಂಡರೆ ಹಿಂದೆ ಯಾರೋ ನಿಂತಿದ್ದಾರೆ. ನಮ್ಮ ಮೇಷ್ಟ್ರು ಅರ್ಧ ಪುಟಕ್ಕೇ ಹಾಳೆ ವಾಪಸ್ ಕೊಟ್ಟರು. "ಅಲಾರಂ ಇಲ್ದೆ ನಿಮ್ಮ ಹೀರೋಗಳು ಯಾರೂ ಏಳೋದೇ ಇಲ್ವೇನ್ರಪ್ಪಾ?" ಅಂದರು. ನಮಗೆ ಸಿಟ್ಟು ಬಂತು. ಆದರೆ ಪಕ್ಕದ ಗುಂಪಿನ ಸ್ಕ್ರಿಪ್ಟ್ ನೋಡಿದರೆ ಅದರಲ್ಲೂ ಅಲಾರಂ!

ಎರಡನೇ ಕತೆ ಬಸ್‌ನಲ್ಲಿ ಹುಟ್ಟಿತು. ಒಬ್ಬ ಹುಡುಗ ನಸುಕಿನಲ್ಲಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಯುತ್ತಾನೆ. ಎರಡು ಮೊಳ ಮಲ್ಲಿಗೆ ಕೊಳ್ಳುತ್ತಾನೆ. ನಡೆದುಕೊಂಡು ಚಾಮರಾಜಪೇಟೆಯ ಒಂದು ಹಳೇ ಮನೆಗೆ ಬರುತ್ತಾನೆ. ಒಳಗೆ ಒಬ್ಬರೇ ಇರುವ ಅಜ್ಜಿ. ಅವನು ಬಾಗಿಲು ತಟ್ಟುವ ಮೊದಲೇ ಅಜ್ಜಿ ಎರಡು ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಾರೆ. ಅಷ್ಟೇ. ಅವನು ಯಾರು, ಅಜ್ಜಿಗೆ ಹೇಗೆ ಗೊತ್ತಾಯಿತು ಅನ್ನೋದು ನಮಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ನಡೆಯುತ್ತದೆ ಅನ್ನೋದೇ ಈ ಅಸೈನ್‌ಮೆಂಟಿನ ಮಜಾ.

ನಮ್ಮ ಡೈರೆಕ್ಟರ್‌ಗೆ ಅಜ್ಜಿ ಇದ್ದರು, ಅಜ್ಜಿಗೆ ಸಾಹಿತ್ಯ ಪರಿಷತ್ತಿನಿಂದ ಎರಡು ರಸ್ತೆ ಆಚೆ ಕೆಂಪು ನೆಲದ ಹಳೇ ಮನೆ ಇತ್ತು. ಅವನು ಡೈರೆಕ್ಟರ್ ಆಗಿದ್ದೂ ಅದೇ ಕಾರಣಕ್ಕೆ ಅಂತ ನನ್ನ ಅನುಮಾನ. ಕ್ಯಾಮೆರಾ ಯಾರ ಹತ್ತಿರ ಇತ್ತೋ ಅವನು ಕ್ಯಾಮೆರಾಮನ್. ಸೌಂಡ್‌ಗೆ ಒಬ್ಬಳು, ನಟನೆಗೆ ಒಬ್ಬ. ಉಳಿದವಳು ನಾನು. ನನಗೆ ಕಂಟಿನ್ಯುಯಿಟಿ ಬಂತು. ಅಂದರೆ ಒಂದು ಶಾಟ್‌ನಿಂದ ಇನ್ನೊಂದು ಶಾಟ್‌ಗೆ ಏನೂ ಬದಲಾಗದ ಹಾಗೆ ನೋಡಿಕೊಳ್ಳೋದು. ಬ್ಯಾಗ್ ಯಾವ ಹೆಗಲಲ್ಲಿತ್ತು, ಲೋಟದಲ್ಲಿ ಕಾಫಿ ಎಷ್ಟಿತ್ತು, ಎಲ್ಲ ಬರೆದಿಡಬೇಕು. ಅದಕ್ಕೆಂದೇ ನೂರು ಪುಟದ ನೋಟ್‌ಬುಕ್ ಕೊಂಡೆ. ಶಾಟ್ ಡಿವಿಷನ್ ಮಾಡಿದರೆ ಎರಡು ನಿಮಿಷಕ್ಕೆ 31 ಶಾಟ್ ಬಂದವು.

ಸಂಕ್ರಾಂತಿ ಕಳೆದ ಮುಂದಿನ ಶನಿವಾರ, ಬೆಳಗಿನ ಜಾವ ಐದಕ್ಕೇ ಮಾರ್ಕೆಟ್‌ನಲ್ಲಿದ್ದೆವು. ಜನವರಿಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟೋದು ಸುಮಾರು 6:45ಕ್ಕೆ. ಅದಕ್ಕೂ ಮೊದಲಿನ ನೀಲಿ ಬೆಳಕು ಬೇಕು ಅಂತ ಕ್ಯಾಮೆರಾಮನ್ ಹಟ ಹಿಡಿದಿದ್ದ. ಇದೇ ಮಾರ್ಕೆಟ್ ಪಕ್ಕದ ಪ್ಯಾರಾಮೌಂಟ್ ಟಾಕೀಸಿನಲ್ಲಿ 1934ರ ಮಾರ್ಚ್ 3ರಂದು ಕನ್ನಡದ ಮೊದಲ ಟಾಕಿ ತೆರೆ ಕಂಡಿತ್ತು ಅಂತ ಹೇಳಿ ಡೈರೆಕ್ಟರ್ ನಮಗೆ ಹುರುಪು ತುಂಬಲು ನೋಡಿದ. ಚಳಿಗೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕ್ಯಾಮೆರಾ ಹೊರಗೆ ತೆಗೆದಿದ್ದೇ ತಡ, ಇಡೀ ಮಾರ್ಕೆಟ್ ಲೆನ್ಸ್ ಕಡೆ ತಿರುಗಿತು. ಚೆಂಡು ಹೂವಿನ ಮೂಟೆ ಹೊತ್ತವರು "ಸೈಡ್, ಸೈಡ್" ಅಂತ ಟ್ರೈಪಾಡನ್ನೇ ತಳ್ಳಿಕೊಂಡು ಹೋದರು. "ಯಾವ ಚಾನೆಲ್ಲು?" ಅಂತ ಕೇಳಿದವರು ಎಷ್ಟು ಜನವೋ. ಮಲ್ಲಿಗೆ ಮಾರುತ್ತಿದ್ದ ಒಬ್ಬ ಅಕ್ಕನ ಮುಂದೆ ನಮ್ಮ ಹೀರೋ ಹೋಗಿ ನಿಂತ. ಡೈರೆಕ್ಟರ್ "ಅಕ್ಕ, ಸುಮ್ನೆ ಹೂ ಕೊಟ್ಟ ಹಾಗೆ ಮಾಡಿ" ಅಂದ. ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಇನ್ನೂ ಬೋಣಿ ಆಗಿಲ್ಲ ಕಣಪ್ಪ. ಮೊದ್ಲು ದುಡ್ಡು ಕೊಟ್ಟು ತಗೋ. ಆಮೇಲೆ ಏನ್ ಬೇಕಾದ್ರೂ ಮಾಡ್ಕೋ."

ಆರು ಟೇಕ್ ಆಯಿತು. ಪ್ರತಿ ಟೇಕ್‌ಗೂ ಎರಡು ಮೊಳ ಕೊಂಡೆವು. ಐದು ಟೇಕ್‌ಗಳಲ್ಲಿ ಯಾರೋ ಒಬ್ಬರು ಹಿಂದಿನಿಂದ ಕ್ಯಾಮೆರಾ ನೋಡಿ ಹಲ್ಲು ಕಿರಿದಿದ್ದರು. ಆರನೆಯದರಲ್ಲಿ ನಮ್ಮ ಹೀರೋನೇ ನೋಡಿದ. ಕೊನೆಗೆ ಕ್ಯಾಮೆರಾ ಬ್ಯಾಗಿಗೆ ಹಾಕಿ, ಫೋನನ್ನು ಎದೆಯ ಹತ್ತಿರ ಹಿಡಿದು ಅವನ ಹಿಂದೆ ನಡೆದೆವು. ಆಗ ಯಾರೂ ತಿರುಗಿ ನೋಡಲಿಲ್ಲ. ಮೂರು ಗಂಟೆ ಮಾರ್ಕೆಟ್‌ನಲ್ಲಿ ಕಳೆದಿದ್ದಕ್ಕೆ ಸಿನಿಮಾದಲ್ಲಿ ಉಳಿದಿದ್ದು ಒಂಬತ್ತು ಸೆಕೆಂಡ್. ಅದೂ ಫೋನಿನದ್ದು.

ಮನೆ ತಲುಪಿದಾಗ ಅಜ್ಜಿ ಒಳ್ಳೆಯ ಹಸಿರು ಸೀರೆ ಉಟ್ಟು, ತಲೆ ಬಾಚಿ ಕೂತಿದ್ದರು. ಹನ್ನೆರಡು ಮೊಳ ಹೂವು ನೋಡಿ "ಮದ್ವೆ ಯಾರ್ದು?" ಅಂದರು. "ನಟನೆ ಗಿಟನೆ ನಂಗೆ ಬರಲ್ಲ. ಕಾಫಿ ಮಾಡು ಅಂದ್ರೆ ಮಾಡ್ತೀನಿ" ಅಂತ ಮೊದಲೇ ಹೇಳಿಬಿಟ್ಟರು. ನಮಗೆ ಬೇಕಿದ್ದಿದ್ದೂ ಅಷ್ಟೇ. ಆದರೆ ಒಂದು ತೊಂದರೆ ಇತ್ತು. ಬಗ್ಗಿಸಿದ ಕಾಫಿಯನ್ನು ಚೆಲ್ಲಲು ಅಜ್ಜಿ ಬಿಡುತ್ತಿರಲಿಲ್ಲ. ಪ್ರತಿ ಟೇಕ್ ಮುಗಿದ ಮೇಲೂ ಯಾರಾದರೂ ಕುಡಿಯಲೇಬೇಕು. ಆ ದಿನ ಎರಡು ಲೀಟರ್ ಹಾಲು ಖರ್ಚಾಯಿತು. ಹದಿನೇಳು ಲೋಟ ಅಂತ ನನ್ನ ನೋಟ್‌ಬುಕ್‌ನಲ್ಲಿ ಲೆಕ್ಕ ಇದೆ. ಸೌಂಡ್‌ನವಳ ಕೈ ನಡುಗಲು ಶುರುವಾಗಿತ್ತು.

ಬಾಗಿಲು ತೆಗೆಯುವ ಶಾಟ್ ಹಗಲು ಬೆಳಕಿನಲ್ಲೇ ಚೆನ್ನಾಗಿ ಬಂತು. ನಡುಮನೆ ಕತ್ತಲೆ, ಅಜ್ಜಿಯ ಬೆನ್ನು, ಆಚೆ ಬೆಳಕಿನಲ್ಲಿ ಹುಡುಗ. ಅಡುಗೆಮನೆಯ ಶಾಟ್‌ಗಳನ್ನೆಲ್ಲ ಟ್ಯೂಬ್‌ಲೈಟ್ ಹಾಕಿ ತೆಗೆದೆವು. ಸಂಜೆ ನಾಲ್ಕಕ್ಕೆ ಪ್ಯಾಕಪ್. ನಟ ರಾತ್ರಿಯೇ ಮೆಜೆಸ್ಟಿಕ್‌ನಲ್ಲಿ ಹಾಸನದ ಬಸ್ ಹತ್ತಿದ.

ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಹಾಕಿ ನೋಡಿದರೆ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಅಡುಗೆಮನೆಯ ಗೋಡೆ ತುಂಬ ಕಪ್ಪು ಪಟ್ಟೆಗಳು ಅಲೆ ಅಲೆಯಾಗಿ ಹರಿಯುತ್ತಿದ್ದವು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅದು ಕಂಡೇ ಇರಲಿಲ್ಲ. ಕಾರಣ ಹುಡುಕಿದಾಗ ತಿಳಿದಿದ್ದು ಹೀಗೆ. ನಮ್ಮಲ್ಲಿ ಕರೆಂಟು 50 ಹರ್ಟ್ಜ್. ಹಾಗಾಗಿ ಹಳೇ ಚೋಕ್‌ನ ಟ್ಯೂಬ್‌ಲೈಟ್ ಒಂದು ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆ ಆಗುತ್ತಿರುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗೋದಿಲ್ಲ. ಶಟರ್ ಅನ್ನು, ಅಂದರೆ ಪ್ರತಿ ಫ್ರೇಮಿಗೆ ಕ್ಯಾಮೆರಾ ಬೆಳಕು ಒಳಗೆ ಬಿಡುವ ಸಮಯವನ್ನು, ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಏರಿಳಿತ ಸಿಗುತ್ತವೆ, ಚಿತ್ರ ನಿಲ್ಲುತ್ತದೆ. ನಮ್ಮ ಕ್ಯಾಮೆರಾವನ್ನು ಯಾರದೋ ಮಾವ ಅಮೆರಿಕಾದಿಂದ ತಂದಿದ್ದರು. ಅಲ್ಲಿನ ಕರೆಂಟು 60 ಹರ್ಟ್ಜ್. ಶಟರ್ ಕೂಡ 60ರಲ್ಲೇ ಕೂತಿತ್ತು. ಮೆನು ತೆಗೆದು ನೋಡಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಭಾನುವಾರ ಮತ್ತೆ ಅದೇ ಮನೆ. ಬಾಗಿಲು ತೆಗೆದ ಅಜ್ಜಿಯನ್ನು ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ನೀಲಿ ಸೀರೆ.

"ಅಜ್ಜಿ, ಹಸಿರು ಸೀರೆ ಎಲ್ಲಿ?"

"ಒಗೆದು ಮಹಡಿ ಮೇಲೆ ಹರವಿದೀನಿ. ಬೆವರಿದ್ದನ್ನೇ ಮತ್ತೆ ಉಡಕ್ಕಾಗತ್ತೇನೇ?"

ತಪ್ಪು ನನ್ನದೇ. ಲೋಟದಲ್ಲಿ ಕಾಫಿ ಮುಕ್ಕಾಲು ಇರಬೇಕು ಅಂತ ಬರೆದಿದ್ದೆ. ಸೀರೆ ಒಗೆಯಬೇಡಿ ಅಂತ ಹೇಳಿರಲಿಲ್ಲ. ಬಾಗಿಲ ಶಾಟ್ ಮತ್ತೆ ತೆಗೆಯೋಣ ಅಂದರೆ ನಟ ಹಾಸನದಲ್ಲಿ. ಡೈರೆಕ್ಟರ್ ಜಗಲಿ ಮೇಲೆ ತಲೆ ಹಿಡಿದು ಕೂತ. ಕೊನೆಗೆ ಕ್ಯಾಮೆರಾಮನ್ ಹೇಳಿದ: "ಸೀರೆ ತೋರಿಸೋದೇ ಬೇಡ. ಕೈ ಸಾಕು."

ಟ್ಯೂಬ್‌ಲೈಟ್ ಮೇಲೆ ಅವನಿಗೆ ಆಗಲೇ ದ್ವೇಷ ಹುಟ್ಟಿತ್ತು. ಶಟರ್ ಸರಿ ಮಾಡಿದ ಮೇಲೂ ಅದನ್ನು ಹಾಕಲು ಬಿಡಲಿಲ್ಲ. ಬಿಸಿಲು ಹಿತ್ತಲಲ್ಲಿತ್ತು, ಅಡುಗೆಮನೆಗೆ ಬರುತ್ತಿರಲಿಲ್ಲ. ಆಗ ಅವನಿಗೆ ವಿ.ಕೆ. ಮೂರ್ತಿಯವರು ನೆನಪಾದರು. ಮೈಸೂರಿನವರು, ನಮ್ಮ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲೇ ಛಾಯಾಗ್ರಹಣ ಕಲಿತವರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. 1959ರ ಒಂದು ಹಿಂದಿ ಸಿನಿಮಾಕ್ಕೆ ಅವರು ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಸ್ಟುಡಿಯೋ ಒಳಗೆ ತಿರುಗಿಸಿ ಒಂದು ಬೆಳಕಿನ ಕೋಲು ಮಾಡಿದ್ದರು. ನಾವು ಅಜ್ಜಿಯ ಬೀರುವಿನ ಪಕ್ಕದ ಕನ್ನಡಿ ಬಿಚ್ಚಿ ಹಿತ್ತಲಿಗೆ ಒಯ್ದೆವು. ಹಿಡಿದುಕೊಳ್ಳುವ ಕೆಲಸ ನನಗೆ. ಇನ್ನೊಂದು ಕಡೆಯಿಂದ ಥರ್ಮಕೋಲ್ ಹಾಳೆ. ಸೂರ್ಯ ಜರುಗಿದ ಹಾಗೆ ನಾನೂ ಜರುಗುತ್ತಿದ್ದೆ. ಆ ಬೆಳಕು ಒಲೆಯ ಮೇಲಿನ ಹಬೆಗೆ ತಾಗಿದಾಗ ಒಳಗಿನಿಂದ ಯಾರೂ ಏನೂ ಮಾತಾಡಲಿಲ್ಲ. ಕನ್ನಡಿ ಹಿಡಿದಿದ್ದ ನನಗೆ ಮಾತ್ರ ಅದು ಕಾಣಲಿಲ್ಲ.

ಸೌಂಡ್‌ನವಳ ಕತೆ ಬೇರೆ. ಪಕ್ಕದ ಮನೆಯ ಕುಕ್ಕರ್ ಐದು ಸಲ ಕೂಗುವವರೆಗೂ ಕಾಯಬೇಕಾಯಿತು. ಮನೆಯ ಮೌನ ಬೇಕು, ಒಂದು ನಿಮಿಷ ಯಾರೂ ಉಸಿರೆತ್ತಬೇಡಿ ಅಂದಳು. ಎಡಿಟಿಂಗ್‌ನಲ್ಲಿ ಶಾಟ್‌ಗಳ ನಡುವೆ ಆ ಮೌನ ತುಂಬದಿದ್ದರೆ ಕತ್ತರಿಸಿದ್ದು ಕಿವಿಗೆ ಗೊತ್ತಾಗುತ್ತದೆ. ನಲವತ್ತನೇ ಸೆಕೆಂಡಿಗೆ ಅಜ್ಜಿ "ಆಯ್ತಾ?" ಅಂದರು. ಮತ್ತೆ ಮೊದಲಿಂದ. ಕಾಫಿ ಬಗ್ಗಿಸುವ ಸದ್ದನ್ನು ಬೇರೆಯಾಗಿ ಹಿಡಿಯೋಣ ಅಂತ, ಹಾಲು ಯಾಕೆ ದಂಡ, ನಲ್ಲಿ ನೀರು ಬಗ್ಗಿಸಿದೆವು. ಹೆಡ್‌ಫೋನ್ ಕೊಟ್ಟರೆ ಅಜ್ಜಿ ಒಂದು ಸಲ ಕೇಳಿ ತಲೆ ಅಲ್ಲಾಡಿಸಿದರು. "ಇದು ತಣ್ಣೀರು. ಬಿಸೀದ್ರ ಸದ್ದು ಇಷ್ಟು ಚುರುಕಾಗಿರಲ್ಲ." ನಾವು ನಂಬಲಿಲ್ಲ. ನೀರು ಕಾಯಿಸಿ ಬಗ್ಗಿಸಿ ನೋಡಿದೆವು. ಹೌದು, ಬಿಸಿ ನೀರಿನ ಸದ್ದು ಮಂದ, ಮೆತ್ತಗೆ. ನೀವೂ ಕಣ್ಣು ಮುಚ್ಚಿ ಕೇಳಿ ನೋಡಿ, ಗೊತ್ತಾಗುತ್ತದೆ.

ಕೊನೆಯ ಶಾಟ್ ಆದ ಮೇಲೆ ಡೈರೆಕ್ಟರ್ ಬ್ಯಾಗಿನಿಂದ ಬೂದುಗುಂಬಳಕಾಯಿ ತೆಗೆದ. ಶೂಟಿಂಗ್ ಮುಗಿದರೆ ಕುಂಬಳಕಾಯಿ ಒಡೆಯಬೇಕಲ್ಲ, ಗಾಂಧಿನಗರದ ಪದ್ಧತಿ. ಅಜ್ಜಿ ಅದನ್ನು ಕೈಯಿಂದ ಕಿತ್ತುಕೊಂಡರು. "ರಸ್ತೇಲಿ ಒಡೆದು ಯಾವನಾದ್ರೂ ಸ್ಕೂಟರ್‌ನೋನು ಜಾರಿ ಬೀಳಲಿ ಅಂತಲಾ? ಇಡಿ ಇಲ್ಲಿ. ಸಿನಿಮಾ ತೋರ್ಸಕ್ಕೆ ಬಂದಾಗ ಮಜ್ಜಿಗೆ ಹುಳಿ ಮಾಡ್ತೀನಿ."

ಎಡಿಟಿಂಗ್‌ಗೆ ಹತ್ತು ದಿನ ಹಿಡಿಯಿತು. 31 ಶಾಟ್‌ಗಳಲ್ಲಿ 14 ಉಳಿದವು. ಅಡುಗೆಮನೆಯ ಕೈಗಳನ್ನೇ ಮೊದಲಿಗೆ ತಂದೆವು, ಮಾರ್ಕೆಟ್ ಆಮೇಲೆ. ಒಟ್ಟು 1 ನಿಮಿಷ 52 ಸೆಕೆಂಡ್. ಕ್ಲಾಸಿನಲ್ಲಿ ಹಾಕಿದಾಗ ಮೇಷ್ಟ್ರು ಎರಡು ಸಲ ನೋಡಿದರು. "ಆ ಕೈ ಚೆನ್ನಾಗಿದೆ. ಮುಖ ತೋರಿಸದೇ ಇದ್ದಿದ್ದು ಒಳ್ಳೇ ಯೋಚನೆ" ಅಂದರು. ಡೈರೆಕ್ಟರ್ ವಿನಯದಿಂದ ತಲೆ ಬಗ್ಗಿಸಿದ. ಸೀರೆಯ ವಿಷಯ ಯಾರೂ ಎತ್ತಲಿಲ್ಲ.

ಮುಂದಿನ ಭಾನುವಾರ ಲ್ಯಾಪ್‌ಟಾಪ್ ತೆಗೆದುಕೊಂಡು ಚಾಮರಾಜಪೇಟೆಗೆ ಹೋದೆವು. ಮಜ್ಜಿಗೆ ಹುಳಿಯ ಒಗ್ಗರಣೆ ಗೇಟಿನವರೆಗೂ ಘಮ್ಮೆನ್ನುತ್ತಿತ್ತು. ಅಜ್ಜಿ ಕನ್ನಡಕ ಒರೆಸಿಕೊಂಡು ಪೂರ್ತಿ ನೋಡಿದರು.

"ನನ್ನ ಮುಖವೇ ಇಲ್ವಲ್ಲೋ!"

"ಅದೇ ಅಜ್ಜಿ ಸಸ್ಪೆನ್ಸ್" ಅಂದ ಮೊಮ್ಮಗ.

"ಅದೇನು ಸಸ್ಪೆನ್ಸೋ. ಇನ್ನೊಂದ್ ಸಲ ಹಾಕು."

ಹಾಕಿದ. ಅರ್ಧಕ್ಕೆ ಅಜ್ಜಿ ಬೆರಳು ಇಟ್ಟು ನಿಲ್ಲಿಸಿದರು. "ನೋಡು, ಇದು ನಿಮ್ಮ ತಾತನ ಹೆಸರು ಕೆತ್ತಿಸಿದ ಲೋಟ. ಕಂಠದ ಹತ್ರ ಕಾಣತ್ತಲ್ಲ? ಕಾಫಿ ಬಗ್ಗಿಸಿ ಆದ್ಮೇಲೆ ಬರೋದು ಬೇರೆ ಲೋಟ. ಅದಕ್ಕೆ ಹೆಸರೇ ಇಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನೋಟ್‌ಬುಕ್ ತೆಗೆದೆ. ಭಾನುವಾರದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಇತ್ತು: ಲೋಟ 2, ಸ್ಟೀಲ್, ಕಾಫಿ ಮುಕ್ಕಾಲು.

"ಏಳಿ, ಎಲೆ ಹಾಕಿದೀನಿ" ಅಂದರು ಅಜ್ಜಿ.